ತುಂಗಭದ್ರೆಯ ಚಲಿಸುವ ತಡಿ

ಹುಲಿಹೈದರದ ಬೆದ್ದಲು ಹೊಲದಲ್ಲಿ ನಿಂತವನಿಗೆ ಕಡಲೆಂಬುದು ಪುರಾಣದ ಮಾತೇ ಸರಿ. ಆದರೂ ನಮ್ಮ ಕೊಪ್ಪಳ ಸೀಮೆಗೆ ಒಂದು ತಡಿಯುಂಟು. ಅದು ಮಳೆಗಾಲದಲ್ಲಿ ಮುಂದಕ್ಕೆ ಬಂದು ಬೇಸಗೆಯಲ್ಲಿ ಹಿಂದಕ್ಕೆ ಸರಿಯುವುದು. ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ ತಡಿಯೇ ಅದು. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಗಂಗಾವತಿಯ ಕಡೆ ಕಾಲುವೆಯ ಕೆಳಗೆ ಗದ್ದೆ ಮಾಡುವ ನಮ್ಮ ಬೀಗರ ಮನೆಯಲ್ಲಿ ಒಲೆ ಹೊತ್ತಿಸಲೂ ಯಾರಿಗೂ ಮನಸ್ಸಾಗಲಿಲ್ಲ. ವಾರದೊಳಗೆ ಉಕ್ಕಿನ ತಡೆಹಲಗೆಗಳನ್ನಿಳಿಸಿ ನೀರನ್ನು ನಿಲ್ಲಿಸಿದರು, ಮಳೆಯೂ ಕೈಬಿಡಲಿಲ್ಲ. ಆ ದಿನಗಳ ಭಯವೇ ಮುಂದಿನ ಮಾಘಮಾಸದಲ್ಲಿ ನಮ್ಮನ್ನು ಹಿನ್ನೀರಿನ ಅಂಚಿಗೆ ಕರೆದೊಯ್ದಿತು.

ಮುಂಜಾವಿನಲ್ಲಿ ಅಲ್ಲಿಗೆ ಮುಟ್ಟಿದೆವು. ನೀರು ಬಿಟ್ಟುಹೋದ ಕೆಸರಿನ ಮೇಲೆ ಎಳೆಹುಲ್ಲು ಚಿಗುರಿದ್ದಿತು; ಹಿಮಾಲಯದಾಚೆಯಿಂದ ಬಂದ ಪಟ್ಟೆತಲೆಯ ಹೆಬ್ಬಾತುಗಳು ಅದನ್ನು ಮೇಯುತ್ತಿದ್ದವು. ಬೆಸ್ತನೊಬ್ಬನು ನೀರಂಚಿನಲ್ಲಿ ಕೋಲೊಂದನ್ನು ನೆಡುತ್ತಿದ್ದನು. ಏಕೆಂದು ಕೇಳಲು, "ಹೊತ್ತು ತಿಳಿಯಲಿಕ್ಕೆ, ಸ್ವಾಮಿ. ನೀರು ಕೋಲಿನಿಂದ ಎಷ್ಟು ಹಿಂದೆ ಹೋಯಿತೋ ಅಷ್ಟು ದಿನ ಕಳೆಯಿತು" ಎಂದನು. ಸಂಸ್ಕೃತದಲ್ಲಿ 'ವೇಲಾ' ಎಂಬ ಒಂದೇ ಶಬ್ದಕ್ಕೆ ತಡಿಯೆಂದೂ ಕಾಲವೆಂದೂ ಅರ್ಥ. ಎಷ್ಟೋ ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸಿದ ಆ ಮಾತಿನ ತಿರುಳು ನಮಗೆ ಆ ದಿನ ತಿಳಿಯಿತು.

ಈ ತಡಿಯ ನಕಾಶೆಯನ್ನು ಬರೆಯುವ ಬಗೆಯೂ ಆ ಕೋಲಿನಂತೆಯೇ ಸರಳವಾದುದು. ನಿಂತ ನೀರಿನ ಮೇಲ್ಮೈ ಎಲ್ಲೆಡೆಯೂ ಒಂದೇ ಮಟ್ಟ. ಆದುದರಿಂದ ನೀರಿನ ಅಂಚೇ ಆ ಎತ್ತರದ ಸಮೋನ್ನತ ರೇಖೆ. ಕೃತಕ ಉಪಗ್ರಹಗಳು ಬೇರೆ ಬೇರೆ ದಿನಗಳಲ್ಲಿ ತೆಗೆದ ಚಿತ್ರಗಳಿಂದ ಈ ರೇಖೆಗಳನ್ನು ಗುರುತಿಸುವರು. ಎರಡು ರೇಖೆಗಳೊಳಗಣ ವಿಸ್ತೀರ್ಣಗಳ ಸರಾಸರಿಯನ್ನು ಅವುಗಳ ನಡುವಣ ಎತ್ತರದಿಂದ ಗುಣಿಸಿದರೆ ಆ ಪದರದಲ್ಲಿ ಹಿಡಿಯುವ ನೀರೆಷ್ಟೆಂಬುದು ಹೆಚ್ಚುಕಡಿಮೆ ತಿಳಿಯುವುದು. ಬತ್ತದ ಮಡುವನ್ನಾದರೋ ದೋಣಿಯಿಂದ ಧ್ವನಿಯನ್ನು ಕಳುಹಿಸಿ, ಅದು ಮರಳುವ ಕಾಲದಿಂದ ಅಳೆಯುವರು.

1945ರ ಫೆಬ್ರುವರಿ 28ರಂದು ಅಸ್ತಿಭಾರ ಬಿದ್ದ ಈ ಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ನಾರಾಯಣದೇವರಕೆರೆಯಂತಹ ತುಂಬಿದ ಊರುಗಳು ಮುಳುಗಿ ಈ ತಡಿ ಹುಟ್ಟಿತೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಆಗ ಜಲಾಶಯವು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದಿತು, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2008ರ ಅಳತೆಯಲ್ಲಿ ಅದು ಸುಮಾರು 101ಕ್ಕೆ ಇಳಿದಿದ್ದಿತು. 2016ರ ಅಳತೆಯಲ್ಲಿ ಸುಮಾರು 106 ಎಂದು ಕಂಡಿತು. ಹೂಳು ತಾನಾಗಿ ಎದ್ದುಹೋಯಿತೆಂದಲ್ಲ. ಅಳೆಯುವ ಕ್ರಮ ಬೇರೆಯಾದುದರಿಂದ ಲೆಕ್ಕವೂ ಬೇರೆಯಾಯಿತು. ಹೇಗೆ ನೋಡಿದರೂ ಐದರಲ್ಲೊಂದು ಪಾಲು ಮಣ್ಣಿನ ವಶವಾಗಿದೆ.

ಹರಿಯುವ ಹೊಳೆಯು ನಿಂತ ನೀರನ್ನು ಸೇರಿದೊಡನೆ ವೇಗಗುಂದುವುದು. ಮರಳು ಮೊದಲು ಮೇಲ್ಗಡೆಯಲ್ಲೇ ಕೂರುವುದು, ನುಣ್ಣನೆಯ ಮಣ್ಣು ಕಟ್ಟೆಯವರೆಗೂ ಸಾಗುವುದು. ಆಳವಿಲ್ಲದ ಆ ಕೆಸರು ಹಕ್ಕಿಗೆ ಊಟದೆಲೆ, ರೈತನಿಗೆ ಕೊರತೆ. ಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗೆ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ರಕ್ಷಣೆಗೆಂದು ಮೀಸಲಿಟ್ಟರು. ಅವಕ್ಕೂ ಈ ನೀರೇ ಆಧಾರ. ಗದ್ದೆ, ಮೀನು, ನೀರುನಾಯಿ, ಮೂವರೂ ಒಂದೇ ಕೊಡದಿಂದ ಕುಡಿಯುವವರು. ಕೊಡವು ಕಿರಿದಾದಷ್ಟೂ ಜಗಳ ಹಿರಿದಾಗುವುದು.

ಬಾಗಿಲು ಮುರಿದರೆ ನಾಡೆಲ್ಲ ಬೆಚ್ಚುವುದು. ಹೂಳು ಮಾತ್ರ ಸದ್ದಿಲ್ಲದೆ ಬರುವುದು. ಅದು ಎಲ್ಲಿಂದಲೋ ಬಂದ ಶತ್ರುವಲ್ಲ, ಮೇಲುಸೀಮೆಯ ಬೆಟ್ಟ ಹೊಲಗಳ ಮೈಮಣ್ಣು. ಹೊಲಕ್ಕೆ ಬದು ಹಾಕುವವನು ಬೆಳೆಯನ್ನಲ್ಲದೆ ದೂರದ ಕೆರೆಯನ್ನೂ ಕಾಯುವನು. ನಮ್ಮೂರಿನ ಮಳೆನೀರು ಆ ಜಲಾಶಯಕ್ಕೆ ಹೋಗದು, ನಿಜ. ಆದರೆ ನಮ್ಮ ಹೊಲದ ಮಣ್ಣೂ ಯಾವುದೋ ಕೆರೆಗೆ ಹೂಳೇ ಆಗುವುದಷ್ಟೆ. ಹುಲಿಹೈದರಕ್ಕೆ ಮರಳಿದ ಮರುದಿನ ಮೊದಲು ಮಾಡಿದ ಕೆಲಸವೆಂದರೆ, ಎರಡು ವರ್ಷದಿಂದ ಒಡೆದು ಬಿದ್ದಿದ್ದ ನಮ್ಮ ಹೊಲದ ಬದುವಿಗೆ ಕಲ್ಲು ಹೊರಿಸಿದುದು.