ಬೇಸಿಗೆಯ ಬಿಡುವೂ ಓದಿನ ಸಂಕಲ್ಪವೂ

ಯಾವುದೇ ವ್ರತಕ್ಕೆ ಮೊದಲು ಸಂಕಲ್ಪ ಮಾಡುವುದು ನಮ್ಮ ಹಿರಿಯರ ಪದ್ಧತಿ. ಓದೂ ಒಂದು ವ್ರತವೇ. ಪರೀಕ್ಷೆಗಳು ಮುಗಿದು ಏಪ್ರಿಲ್ ತಿಂಗಳಲ್ಲಿ ಶಾಲೆಗೆ ಬಿಡುವಾದೊಡನೆ, ಈ ಸಲ ಒಂದಷ್ಟು ಗ್ರಂಥಗಳನ್ನು ಓದಿಯೇ ತೀರಬೇಕೆಂದು ಗುರುಗಳೂ ಶಿಷ್ಯರೂ ನಿಶ್ಚಯಿಸುತ್ತಾರೆ. ಮದುವೆ, ಜಾತ್ರೆ, ನೆಂಟರಿಷ್ಟರ ಬರವು, ಮಧ್ಯಾಹ್ನದ ನಿದ್ರೆ ಇವುಗಳ ನಡುವೆ ದಿನಗಳು ಸರಿದುಹೋಗುತ್ತವೆ. ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವ ವೇಳೆಗೆ ಪುಸ್ತಕದ ಗುರುತುಕಡ್ಡಿ ಇದ್ದಲ್ಲಿಯೇ ಇರುತ್ತದೆ. ಇಚ್ಛೆಯಿದ್ದೂ ಕಾರ್ಯ ಕೆಡುವುದು ಅಳತೆ ಗೊತ್ತುಮಾಡದಿರುವುದರಿಂದ. ಬಹಳ ಓದಬೇಕೆಂಬುದು ಆಸೆ. ಇಂಥ ಗ್ರಂಥವನ್ನು ದಿನಕ್ಕೆ ಇಷ್ಟರಂತೆ ಓದಬೇಕೆಂಬುದು ಸಂಕಲ್ಪ.

ಲಕ್ಷ್ಮೀಶನ ಜೈಮಿನಿ ಭಾರತವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ವಾರ್ಧಕ ಷಟ್ಪದಿಯ ಈ ಕಾವ್ಯದಲ್ಲಿ 34 ಸಂಧಿಗಳಿವೆ. ವಾರಕ್ಕೊಂದು ದಿನ ಬಿಡುವಿಟ್ಟುಕೊಂಡು ದಿನಕ್ಕೊಂದು ಸಂಧಿಯಂತೆ ಓದಿದರೂ ಆರು ವಾರಗಳೊಳಗೆ ಕಾವ್ಯವು ಸಮಾಪ್ತಿಯಾಗುತ್ತದೆ.

ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಹಿರಿಯ ಕನ್ನಡ ಶಿಕ್ಷಕರೊಬ್ಬರು ಈ ಕಾವ್ಯದ ಸೀತಾಪರಿತ್ಯಾಗದ ಪದ್ಯಗಳನ್ನು ಅನೇಕ ವರ್ಷ ಸೊಗಸಾಗಿ ಪಾಠ ಹೇಳಿದ್ದರು. ಒಮ್ಮೆ ಹತ್ತನೆಯ ತರಗತಿಯ ಹುಡುಗನೊಬ್ಬನು, “ಗುರುಗಳೇ, ಪಾಂಡವರ ಕಥೆಯೊಳಗೆ ಸೀತಾದೇವಿ ಬಂದದ್ದು ಹೇಗೆ?” ಎಂದು ಕೇಳಿದನು. ಪಠ್ಯಪುಸ್ತಕದ ಟಿಪ್ಪಣಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಬೇಸಿಗೆಯಲ್ಲಿ ಅವರು ಸಮಗ್ರ ಕಾವ್ಯವನ್ನು ಓದುವ ನಿಯಮ ತೊಟ್ಟರು. ಮನೆಯ ಮದುವೆಯೊಂದರಿಂದ ಎಂಟು ದಿನ ಓದು ನಿಂತಿತು. ತಪ್ಪಿದ್ದನ್ನು ತುಂಬಲು ಅವರು ಅವಸರಪಡಲಿಲ್ಲ. ಬಿಟ್ಟ ಸಂಧಿಯಿಂದಲೇ ಮುಂದುವರಿದರು. ಅಶ್ವಮೇಧದ ಕುದುರೆಯ ಹಿಂದೆ ಹೊರಟ ಅರ್ಜುನನು ಮಗನಾದ ಬಭ್ರುವಾಹನನೊಡನೆ ಕಾದಬೇಕಾದ ಸಂದರ್ಭದಲ್ಲಿ, ತಂದೆ ಮಕ್ಕಳ ಇನ್ನೊಂದು ಯುದ್ಧವಾದ ಕುಶಲವರ ಕಥೆಯನ್ನು ಜೈಮಿನಿಯು ಜನಮೇಜಯನಿಗೆ ಹೇಳುತ್ತಾನೆ. ತಾವು ಬಿಡಿ ಹೂವೆಂದು ಹಂಚುತ್ತಿದ್ದುದು ಮಾಲೆಯ ನಡುವಿನ ಹೂವೆಂಬುದು ಶಿಕ್ಷಕರಿಗೆ ಮನದಟ್ಟಾಯಿತು. ಪ್ರಶ್ನೆ ಕೇಳಿದ ಹುಡುಗನು ಆ ವೇಳೆಗೆ ಶಾಲೆ ಬಿಟ್ಟುಹೋಗಿದ್ದನು. ಉತ್ತರವು ಅವನ ಹಿಂದೆ ಬಂದ ತರಗತಿಗಳವರಿಗೆ ದಕ್ಕಿತು.

ಎಲ್ಲರ ಸಂಕಲ್ಪವೂ ಒಂದೇ ಗಾತ್ರದ್ದಾಗಬೇಕಿಲ್ಲ. ಹಳಗನ್ನಡದ ಬಳಕೆಯಿಲ್ಲದವರು ಪಂಪನ ವಿಕ್ರಮಾರ್ಜುನ ವಿಜಯದ 14 ಆಶ್ವಾಸಗಳನ್ನು ಒಂದೇ ರಜೆಯಲ್ಲಿ ಮುಗಿಸಹೊರಡುವುದಕ್ಕಿಂತ, ಮೊದಲನೆಯ ಆಶ್ವಾಸವೊಂದನ್ನೇ ಅರ್ಥವರಿತು ಓದುವುದು ಲೇಸು. ಹೊಲಮನೆ, ಅಂಗಡಿ, ಕಚೇರಿಗಳ ದುಡಿಮೆಯಲ್ಲಿರುವ ಹಳೆಯ ವಿದ್ಯಾರ್ಥಿಗಳು ರಾತ್ರಿ ಅರ್ಧ ಗಂಟೆಯಂತೆ ಎ. ಆರ್. ಕೃಷ್ಣಶಾಸ್ತ್ರಿಗಳ ವಚನಭಾರತವನ್ನು ಓದಬಹುದು. ಎಳೆಯರಿಗೆ ತಾವೇ ಆರಿಸಿಕೊಂಡ ಒಂದು ಕಿರುಪುಸ್ತಕವೂ ಸಾಕು. ಬಿಸಿಲೇರುವ ಮೊದಲಿನ ಹೊತ್ತು, ಗಟ್ಟಿಯಾದ ವಾಚನ, ಕಠಿಣ ಶಬ್ದಗಳನ್ನು ಬರೆದಿಡಲು ಒಂದು ಪುಸ್ತಿಕೆ, ಅವುಗಳ ಅರ್ಥಕ್ಕೆ 1894ರ ಕಿಟ್ಟೆಲ್ ಕೋಶ ಅಥವಾ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು: ಕಾವ್ಯ ಓದುವವರಿಗೆ ಇವಿಷ್ಟೇ ಸಾಧನಗಳು. ಷಟ್ಪದಿಯಂತೂ ಕಿವಿಯ ಮೂಲಕವೇ ಮನಸ್ಸನ್ನು ಮುಟ್ಟತಕ್ಕದ್ದು. ಓದಿದ ಪುಟಗಳ ಎಣಿಕೆಗಿಂತ, ಸಂಜೆ ಮನೆಯವರಿಗೆ ಎಷ್ಟನ್ನು ಹೇಳಬಲ್ಲೆವೆಂಬುದೇ ಸರಿಯಾದ ಲೆಕ್ಕ.

ಸಂಕಲ್ಪವಿದ್ದರೂ ಗ್ರಂಥವು ಕೈಗೆ ಬರಬೇಕಲ್ಲವೆ? ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಉಪಯೋಗವನ್ನು ಕುರಿತದ್ದು. ಮಕ್ಕಳಿಗೆ ಬಿಡುವು ದೊರೆಯುವ ದಿನಗಳಲ್ಲಿಯೇ ಶಾಲೆಯ ಕಪಾಟಿಗೆ ಬೀಗ ಬಿದ್ದರೆ ದಾನಿಗಳ ಔದಾರ್ಯವು ಧೂಳು ಹಿಡಿಯುತ್ತದೆ. ರಜೆಯ ಕೊನೆಯ ಪಾಠದ ದಿನ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೂ ಒಂದೊಂದು ಪುಸ್ತಕವನ್ನು ಹೆಸರು ಬರೆದುಕೊಂಡು ಕೊಡುವುದು ಕಷ್ಟದ ಕೆಲಸವಲ್ಲ. ಒಂದೆರಡು ಪುಸ್ತಕಗಳು ಮರಳದೆ ಹೋಗಬಹುದು, ಕೆಲವು ಹರಿದು ಬರಬಹುದು. ಹರಿದ ಪುಸ್ತಕವನ್ನು ಕಟ್ಟಿಸಬಹುದು. ಓದದೆ ಕಳೆದ ಬೇಸಿಗೆಯನ್ನು ಮರಳಿ ತರುವವರಾರು?