ರೂಮ್ ನಂಬರ್ ಎಂಟು ಬಿ

ಅಣ್ಣನ ಮಗಳು ನ್ಯೂಜೆರ್ಸಿಯಿಂದ ಫೋನ್ ಮಾಡಿ, "ಚಿಕ್ಕಪ್ಪ, ನಿಮ್ಮಿಂದ ಒಂದು ಸಲಹೆ ಆಗಬೇಕಿತ್ತು" ಅಂದಳು. ಈಸಿಚೇರಿನಲ್ಲಿ ಒರಗಿದ್ದವನು ಎದ್ದು ಕೂತೆ. ನಿವೃತ್ತ ಡ್ರಿಲ್ ಮೇಷ್ಟರನ್ನು ಜನ ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೇದು ಅಂತ ಕೇಳುವುದುಂಟು. ಸಲಹೆ ಯಾರೂ ಕೇಳುವುದಿಲ್ಲ. ವಿಷಯ ಇಷ್ಟು: ಅವಳ ಹನ್ನೊಂದು ವರ್ಷದ ಮಗ ಫುಟ್‌ಬಾಲ್ ಆಡುತ್ತಾನೆ, ಟೂರ್ನಮೆಂಟು ಪಕ್ಕದ ರಾಜ್ಯದಲ್ಲಿ, ತಂಡದ ಮ್ಯಾನೇಜರ್‌ಗಿರಿ ಈ ಸಲ ಇವಳ ಕೊರಳಿಗೆ ಬಿದ್ದಿದೆ. "ರೂಮ್ ಬ್ಲಾಕ್ ಮಾಡಿಸಬೇಕು, ಅದೇ ತಲೆನೋವು." ನನಗೆ ಗೊತ್ತಿದ್ದ ಬ್ಲಾಕುಗಳು ಎರಡೇ. ಒಂದು ಬಿಇಓ ಸಾಹೇಬರದು, ಇನ್ನೊಂದು ನಮ್ಮ ಶಾಲೆಯ ಚರಂಡಿಯದು. ಎರಡೂ ಕಡೆ ಯಾವುದೂ ಬೇಗ ಮುಂದಕ್ಕೆ ಹೋಗುತ್ತಿರಲಿಲ್ಲ.

ಅವಳು ಬಿಡಿಸಿ ಹೇಳಿದಳು. ಹೋಟೆಲಿನವರು ತಂಡಕ್ಕೆ ಅಂತ ಇಷ್ಟು ಕೋಣೆ ಎತ್ತಿಟ್ಟಿರುತ್ತಾರೆ. ಇಂಥ ತಾರೀಕಿನೊಳಗೆ ಹಿಡಿಯದಿದ್ದರೆ ಕೈಬಿಟ್ಟುಹೋಗುತ್ತವೆ. ಅಲ್ಲಿನ ಎಷ್ಟೋ ಟೂರ್ನಮೆಂಟುಗಳಲ್ಲಿ ಇನ್ನೊಂದು ಕಟ್ಟುಪಾಡೂ ಉಂಟಂತೆ. ಆಟ ನಡೆಸುವವರು ಹೇಳಿದ ಹೋಟೆಲಿನಲ್ಲೇ ಇಳಿದುಕೊಳ್ಳಬೇಕು, ಇಲ್ಲದಿದ್ದರೆ ಆಡುವ ಹಾಗಿಲ್ಲ. ಉಳಿದರೆ ಉಂಟು ಆಟ.

ನಮ್ಮದು ಇದರ ತದ್ವಿರುದ್ಧ. ಗೆದ್ದರೆ ಉಂಟು ಉಳಿಯುವುದು. ಸೋತರೆ ಐದೂವರೆ ಬಸ್ಸು.

ಹುಣಸೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸೀಟಿ ಊದಿದ್ದು ಮೂವತ್ತು ವರ್ಷ. ಹೋಬಳಿ, ತಾಲ್ಲೂಕು ಮಟ್ಟದ ಆಟಗಳಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಜಿಲ್ಲಾ ಮಟ್ಟಕ್ಕೆ ಬಂದಾಗಲೇ ರಾತ್ರಿ ಎಲ್ಲಿ ಅನ್ನುವ ಪ್ರಶ್ನೆ. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಗುವ ತನಕ ನಮ್ಮದು ಹನ್ನೊಂದು ತಾಲ್ಲೂಕುಗಳ ಸಂಸಾರ. ಕೊಳ್ಳೇಗಾಲದಿಂದ ಪಿರಿಯಾಪಟ್ಟಣದವರೆಗಿನ ಹೈಕಳೆಲ್ಲ ಒಂದೇ ಕಡೆ ಬಂದು ಬಿದ್ದರೆ ಯಾವ ಊರಿನ ಶಾಲೆಗೆ ತಡೆದೀತು! ಕೊಠಡಿ ಮುಂಚೆಯೇ ಹೇಳಿಡಬೇಕು. ಹೇಳಿಡೋಣ ಅಂತ ಹೋದರೆ ನಮ್ಮ ಹೆಡ್‌ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, "ಗೆದ್ದೇ ಬಿಟ್ರೇನ್ರೀ ಆಗಲೇ?" ಅನ್ನುತ್ತಿದ್ದರು. ಮೊದಲೇ ಕೇಳಿದರೆ ಜಂಬ, ಕೇಳದಿದ್ದರೆ ಬೀದಿ. ಸಾಲದ್ದಕ್ಕೆ ಹುಡುಗರಿಗೂ ಹೇಳುವಂತಿಲ್ಲ. ಕೊಠಡಿ ಗೊತ್ತಾಗಿದೆ ಅಂತ ತಿಳಿದರೆ ದೃಷ್ಟಿಯಾಗಿ ಸೋಲುತ್ತೇವೆ ಅನ್ನುವುದು ಅವರ ಶಾಸ್ತ್ರ. ಹಾಗಾಗಿ ನಮ್ಮ ವಸತಿ ಯೋಜನೆಯೆಲ್ಲ ಕಳ್ಳ ಬಸಿರಿನ ಹಾಗೆ ಗುಟ್ಟಾಗಿ ನಡೆಯಬೇಕು.

ಲಾಡ್ಜಿನ ಮಾತು ಎತ್ತುವ ಹಾಗೇ ಇಲ್ಲ. ಇಳಿದುಕೊಳ್ಳುತ್ತಿದ್ದದ್ದು ಆಟ ನಡೆಸುವ ಶಾಲೆಯಲ್ಲೇ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಹುಣಸೂರು, ಬಾಲಕರು' ಅಂತ ಬರೆದುಬಿಟ್ಟರೆ ಅದೇ ಬುಕಿಂಗು. ಒಳಗೆ ಕರಿಹಲಗೆ ಮೇಲೆ ಹಿಂದಿನ ದಿನದ ಪೈಥಾಗೊರಸ್ ಹಾಗೇ ಇರುತ್ತಿದ್ದ. ಅವನ ಕಾವಲಲ್ಲಿ ಹನ್ನೆರಡು ಜನ ಮಲಗುವುದು. ನಾಲ್ಕು ಬೆಂಚು ಜೋಡಿಸಿದರೆ ಒಂದು ಮಂಚ. ಆದರೆ ನಾಲ್ಕರಲ್ಲಿ ಒಂದು ಬೆಂಚು ಅರ್ಧ ಅಂಗುಲ ಎತ್ತರ ಇದ್ದೇ ಇರುತ್ತದೆ, ಅದು ಮೇಷ್ಟರ ಸೊಂಟದ ಕೆಳಗೇ ಬರುತ್ತದೆ. ಆ ಅರ್ಧ ಅಂಗುಲ ಈಗಲೂ ಮಳೆಗಾಲದಲ್ಲಿ ನನ್ನನ್ನು ಮಾತಾಡಿಸುತ್ತದೆ.

ಅಣ್ಣನ ಮಗಳಿಗೆ ನಾನು ಕೊಟ್ಟ ಮೊದಲ ಸಲಹೆ: ಕೋಣೆ ಆಮೇಲೆ ನೋಡು, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೋ ಮೊದಲು ನೋಡು. ಅವಳು ನಕ್ಕಳು. ನಗುವ ಮಾತಲ್ಲ ಅದು. ಹೆಣ್ಣುಮಕ್ಕಳ ತಂಡವನ್ನು ಕರೆದುಕೊಂಡು ಹೋಗುವಾಗ ಜೊತೆಗೆ ಬರುತ್ತಿದ್ದ ಹಿಂದಿ ಟೀಚರ್ ಬ್ಯಾಗಿನಲ್ಲಿ ಎರಡು ಚಿಲಕ, ಸ್ಕ್ರೂ, ಒಂದು ತಿರುಪುಳಿ ಇಟ್ಟುಕೊಂಡೇ ಬಸ್ಸು ಹತ್ತುತ್ತಿದ್ದರು. ಜಿಲ್ಲೆಯ ಎಷ್ಟು ಶಾಲೆಗಳ ಬಾಗಿಲಲ್ಲಿ ಆ ತಾಯಿ ಹಾಕಿದ ಚಿಲಕ ಇದೆಯೋ, ಯಾವ ದಾಸ್ತಾನು ಪುಸ್ತಕದಲ್ಲೂ ಲೆಕ್ಕವಿಲ್ಲ.

ರಾತ್ರಿ ಹತ್ತಾದ ಮೇಲೆ ಒಂದೊಂದು ತಾಲ್ಲೂಕು ಒಂದೊಂದು ರಾಗ. ಮಳೆಗಾಲದ ಆಟದ ಹೊತ್ತಿಗೇ ಪಿರಿಯಾಪಟ್ಟಣದ ಕಡೆ, ನಮ್ಮ ಹುಣಸೂರಿನ ಕಡೆ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್ನಿಗೆ ಒಮ್ಮೆ ಸೊಪ್ಪು ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು, ಕಾವು ಹೆಚ್ಚುಕಮ್ಮಿಯಾದರೆ ವರ್ಷದ ದುಡಿಮೆ ಹೋಯಿತು. ಆ ಮನೆಗಳ ಹುಡುಗರು ನಡುರಾತ್ರಿ ಎರಡಕ್ಕೆ ತಮ್ಮಷ್ಟಕ್ಕೆ ಎದ್ದು ಕೂತು, ಸೌದೆಗೆ ಕೈ ಚಾಚಿ, ಪಕ್ಕದವನ ಕಾಲು ಹಿಡಿದು ಎಳೆಯುತ್ತಿದ್ದರು. ಕೆ.ಆರ್. ನಗರ ಭತ್ತದ ಕಣಜ. ಅಲ್ಲಿ ಮೂರು ಹೊತ್ತೂ ಅನ್ನ. ನಮ್ಮ ರಾಗಿ ಹೊಟ್ಟೆಯವು ಎರಡನೇ ದಿನಕ್ಕೇ, "ಅನ್ನ ತಿಂದು ಕಾಲಲ್ಲಿ ಕಸುವೇ ಇಲ್ಲ ಸಾ" ಅಂತ ಸೋಲಿಗೆ ಮುಂಚಿತವಾಗಿ ಕಾರಣ ಬರೆದಿಡುತ್ತಿದ್ದವು.

ಎಚ್.ಡಿ. ಕೋಟೆಯ ಕಾಡಂಚಿನ ಒಬ್ಬ ಹುಡುಗ, ಬರಿಗಾಲಲ್ಲೇ ಎಂಟುನೂರು ಮೀಟರ್ ಓಡುವವನು, ಮೈಸೂರಿನಲ್ಲಿ ಕತ್ತಲಾದ ಮೇಲೆ ಕೋಣೆ ಬಿಟ್ಟು ಹೊರಡಲೇ ಇಲ್ಲ. ಯಾಕೋ ಅಂದರೆ, "ಇಲ್ಲಿ ಆನೆ ಬರಾಕಿಲ್ವಾ ಸಾ?" ಬರುತ್ತೆ ಕಣೋ ಅಂದೆ, ದಸರಾಕ್ಕೆ. ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದಲೇ ಗಜಪಯಣ ಹೊರಡುವುದು. ಪೂಜೆ ಮಾಡಿ, ಮಂತ್ರಿಗಳೇ ಬಂದು ಕಳಿಸಿಕೊಡುತ್ತಾರೆ. ಮೈಸೂರಲ್ಲಿ ಇಳಿದುಕೊಳ್ಳಲು ಅರಮನೆ ಆವರಣ, ಮಾವುತ ಕಾವಾಡಿಗಳ ಸಂಸಾರಕ್ಕೂ ಅಲ್ಲೇ ಬಿಡಾರ, ದಿನಾ ತೂಕ ಹೆಚ್ಚುವಂಥ ಊಟ. ಹುಣಸೂರು ತಾಲ್ಲೂಕಿನಿಂದ ಮೈಸೂರಿಗೆ ಹೋಗುವ ತಂಡಗಳಲ್ಲಿ ವಸತಿ ವ್ಯವಸ್ಥೆ ಮೊದಲೇ ಪಕ್ಕಾ ಆಗಿರುವುದು ಇದೊಂದಕ್ಕೇ. ನನಗೆ ಆನೆಗಳ ಮೇಲೆ ಹೊಟ್ಟೆಕಿಚ್ಚಿಲ್ಲ. ಅವೂ ಭಾರ ಹೊರುವವೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಟೀವಿ ಮುಂದೆ ಕೂತು ಕಣ್ಣೊರೆಸಿಕೊಂಡೆ. ಮನೆಯವಳು ಕಪ್ಪು ನೋಡಿ ಅತ್ತರು ಅಂದುಕೊಂಡಳು. ನನ್ನ ತಲೆಯಲ್ಲಿ ಇದ್ದದ್ದೇ ಬೇರೆ: ಆ ಮಗುವಿಗೆ ಒಳ್ಳೆ ಹಾಸಿಗೆ ಸಿಕ್ಕಿತ್ತೋ, ಬಿಸಿನೀರು ಬಂತೋ.

ಮೊನ್ನೆ ನ್ಯೂಜೆರ್ಸಿಯ ಫೋನು ಮತ್ತೆ ಬಂತು. ತಂಡ ಮೊದಲ ದಿನವೇ ಎರಡೂ ಪಂದ್ಯ ಸೋತಿತ್ತು. "ಅಯ್ಯೋ, ಹಾಗಾದ್ರೆ ಅವತ್ತೇ ವಾಪಸ್ಸಾ?" ಅಂದೆ. "ಇಲ್ಲ ಚಿಕ್ಕಪ್ಪ, ರೂಮಿಗೆ ದುಡ್ಡು ಕಟ್ಟಿದ್ವಲ್ಲ, ಎರಡು ರಾತ್ರಿ ಇದ್ದೇ ಬಂದ್ವಿ. ಹುಡುಗರು ಸ್ವಿಮಿಂಗ್ ಪೂಲ್ ಬಿಟ್ಟು ಎದ್ದೇ ಬರಲಿಲ್ಲ." ಫೋನ್ ಇಟ್ಟ ಮೇಲೂ ಬಹಳ ಹೊತ್ತು ಹಾಗೇ ಕೂತಿದ್ದೆ.

ನಮ್ಮ ಹುಡುಗರು ಕಪ್ಪಿನ ಆಸೆಗೆ ಆಡುತ್ತಿರಲಿಲ್ಲ. ಬೇರೆ ಊರಿನಲ್ಲಿ ಒಂದು ರಾತ್ರಿ ಮಲಗಬೇಕು, ಅದಕ್ಕೆ ಆಡುತ್ತಿದ್ದರು. ಅದಕ್ಕೇ ಅಂತ ಮನೆಯಿಂದ ಹೊದಿಕೆ ಮಡಿಚಿ ತರುತ್ತಿದ್ದರು. ಸೋತ ದಿನ ಬಿಚ್ಚದ ಆ ಗಂಟುಗಳನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂರುತ್ತಿದ್ದರಲ್ಲ, ಅದನ್ನು ನೋಡಲಾರದೆ ನಾನು ಯಾವಾಗಲೂ ಡ್ರೈವರ್ ಹಿಂದಿನ ಸೀಟು ಹಿಡಿಯುತ್ತಿದ್ದೆ.

ಜಿಲ್ಲಾ ಮಟ್ಟದ ಖೋಖೋ ಒಂದು ವರ್ಷ ಕೆ.ಆರ್. ನಗರಕ್ಕೆ ಬಿತ್ತು. ಮೊದಲ ಪಂದ್ಯದಲ್ಲೇ ಒಂದು ಪಾಯಿಂಟಿಗೆ ಹೋಯಿತು. ತಂಡದಲ್ಲಿ ಒಬ್ಬನಿಗೆ ಅವರವ್ವ ಹುಣಸೂರು ಸಂತೆಯಲ್ಲಿ ಹೊಸ ಜಮಖಾನ ಕೊಡಿಸಿದ್ದಳು. ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ. ಐದಕ್ಕೆ ಬಸ್‌ಸ್ಟ್ಯಾಂಡಿಗೆ ಬಂದೆವು. ನಾನು ಒಂದು ಟೀ ಕುಡಿದೆ. ಇನ್ನೊಂದು ಕುಡಿದೆ. ಬಸ್ಸು ಬಂತು. "ಬತ್ತೀರಾ ಮೇಷ್ಟ್ರೇ?" ಅಂತ ಕಂಡಕ್ಟರ್ ಕೂಗಿದ. ಲೋಟ ಹಿಡಿದುಕೊಂಡೇ ತಲೆ ಅಲ್ಲಾಡಿಸಿದೆ. ಆಮೇಲೆ ಎಸ್‌ಟಿಡಿ ಬೂತಿನಿಂದ ನಮ್ಮೂರಿನ ಅಂಗಡಿಗೆ ಫೋನ್ ಮಾಡಿ, ಮನೆಮನೆಗೂ ಹೇಳಿಬಿಡಿ, ನಾಳೆ ಬರುತ್ತೇವೆ ಅಂದೆ. ಹನ್ನೆರಡು ಹುಡುಗರನ್ನು ಸಾಲಾಗಿ ನಡೆಸಿಕೊಂಡು ಶಾಲೆಯ ಗೇಟಿಗೆ ಹೋದೆ.

ವಾಚ್‌ಮನ್ ಬೀಗದ ಕೈ ಗೊಂಚಲು ಹಿಡಿದು ಬಂದ. "ಗೆದ್ರಾ ಸಾ?"

"ಇಲ್ಲ ಕಣಪ್ಪ. ಬಸ್ಸು ಸಿಕ್ಕಲಿಲ್ಲ."

ಅಷ್ಟು ಹೊತ್ತಿಗೆ ಸರಿಯಾಗಿ, ಊರೊಳಗೆ ಸುತ್ತು ಹಾಕಿ ಬಂದ ಹುಣಸೂರು ಬಸ್ಸು ಗೇಟಿನ ಮುಂದೆಯೇ, ಅರ್ಧ ಖಾಲಿ, ಹಾರ್ನ್ ಹೊಡೆದುಕೊಂಡು ಹೋಯಿತು. ಅವನು ಬಸ್ಸನ್ನು ನೋಡಿದ. ನನ್ನನ್ನು ನೋಡಿದ. ಜಮಖಾನ ಅವುಚಿಕೊಂಡು ನಿಂತಿದ್ದ ಹುಡುಗನನ್ನು ನೋಡಿದ.

"ಈ ಬಸ್ಸುಗಳೇ ಹಿಂಗೆ ಬುಡಿ ಸಾ" ಅಂತ ಎಂಟು ಬಿ ಬೀಗ ತೆಗೆದ.