ವ್ಯಾಂಕೂವರ್ ರೇವಿನಲ್ಲಿ ಇಳಿಯುವವರಿಗೆ

ಕೆನಡಾ ದೇಶದ ಪಶ್ಚಿಮದ ಅಂಚಿನಲ್ಲಿ, ಪೆಸಿಫಿಕ್ ಸಾಗರದ ತೀರದಲ್ಲಿ, ವ್ಯಾಂಕೂವರ್ ಎಂಬ ರೇವುಪಟ್ಟಣವಿದೆ. ಉತ್ತರಕ್ಕೆ ಎತ್ತರದ ಬೆಟ್ಟಗಳು, ಮೂರು ಕಡೆ ನೀರು, ನಡುವೆ ಗಾಜಿನ ಉಪ್ಪರಿಗೆಗಳು. 1792ರಲ್ಲಿ ಈ ತೀರವನ್ನು ಅಳೆದು ನಕ್ಷೆ ಬರೆದ ಜಾರ್ಜ್ ವ್ಯಾಂಕೂವರ್ ಎಂಬ ಇಂಗ್ಲಿಷ್ ನೌಕಾಧಿಕಾರಿಯ ಹೆಸರೇ ಊರಿನ ಹೆಸರು. ನಗರವೆಂದು ಅದು ಸ್ಥಾಪಿತವಾದದ್ದು 1886ರಲ್ಲಿ. ಅದಕ್ಕೂ ಸಾವಿರಾರು ವರ್ಷ ಮುಂಚಿನಿಂದ ಮಸ್ಕ್ವಿಯಮ್, ಸ್ಕ್ವಾಮಿಶ್ ಮೊದಲಾದ ಮೂಲನಿವಾಸಿ ಜನರು ಅಲ್ಲಿ ಬಾಳಿದ್ದರು, ಇಂದಿಗೂ ಬಾಳುತ್ತಿದ್ದಾರೆ.

ನಮ್ಮ ಸಂಘದ ಕೆಲವು ಮನೆಗಳ ಮಕ್ಕಳು ಈಗ ಕೆನಡಾದಲ್ಲಿ ಓದುತ್ತಿದ್ದಾರೆ, ಉದ್ಯೋಗದಲ್ಲಿದ್ದಾರೆ. ಅವರನ್ನು ನೋಡಲು ಹೊರಡುವ ತಂದೆತಾಯಿಗಳಿಗೂ, ಸ್ವಂತ ಉಳಿತಾಯದಿಂದ ದೇಶ ನೋಡಲು ಹೋಗುವವರಿಗೂ ಉಪಯೋಗವಾದೀತೆಂದು, ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ನಾನು ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಕಾಲ. ಕೆನಡಾ ಎಂದೊಡನೆ ಹಿಮದ ರಾಶಿಯನ್ನು ಕಲ್ಪಿಸಿಕೊಳ್ಳುವವರೇ ಹೆಚ್ಚು. ಆದರೆ ಕಡಲ ಗಾಳಿಯ ದೆಸೆಯಿಂದ ಈ ಊರಿನ ಚಳಿ ಆ ದೇಶದ ಒಳನಾಡಿನಷ್ಟು ಕ್ರೂರವಲ್ಲ. ಇಲ್ಲಿಯ ತೊಂದರೆ ಮಳೆ. ನವೆಂಬರಿನಿಂದ ಜನವರಿಯವರೆಗೆ ಅದು ದಿನವೆಲ್ಲ ಸಣ್ಣಗೆ ಹನಿಯುತ್ತಲೇ ಇರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳು ಒಣಹವೆಯವು, ಹಿತವಾದವು; ಜೂನ್ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಆದರೆ ಅದೇ ಕಾಲದಲ್ಲಿ ಅಲಾಸ್ಕಾಕ್ಕೆ ಹೋಗುವ ವಿಹಾರನೌಕೆಗಳ ಜನಸಂದಣಿಯೂ ಸೇರಿ ಹೋಟೆಲಿನ ಕೋಣೆಗಳು ಬಹಳ ತುಟ್ಟಿಯಾಗುತ್ತವೆ. ನಂಟರ ಮನೆ ಇಲ್ಲದವರಿಗೆ ಮೇ ಅಥವಾ ಸೆಪ್ಟೆಂಬರ್ ಲೇಸು. ಬೇಸಿಗೆಯಲ್ಲೂ ಸಂಜೆಗೆ ಒಂದು ಸ್ವೆಟರ್ ಬೇಕು.

ಎರಡನೆಯದು ಕಾಗದಪತ್ರ. ಭಾರತೀಯರಿಗೆ ಸಂದರ್ಶಕರ ವೀಸಾ ಬೇಕು. ಬೆರಳಚ್ಚು, ಭಾವಚಿತ್ರ ಕೊಡಬೇಕು. ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಲು ಅವಕಾಶ ಸಿಗುತ್ತದೆ. ಸರ್ಕಾರಿ ನೌಕರರು ಇಲಾಖೆಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ಈ ಕಡತ ವೀಸಾಕ್ಕಿಂತ ನಿಧಾನವಾಗಿ ನಡೆಯುವುದುಂಟು ಎಂದು ಗುಮಾಸ್ತನಾದ ನಾನು ಹೇಳಿದರೆ ತಪ್ಪಾಗಲಾರದು. ಸಂದರ್ಶಕರು ಆಸ್ಪತ್ರೆಯ ವೆಚ್ಚವನ್ನು ತಾವೇ ತೆರಬೇಕಾದುದರಿಂದ ಪ್ರಯಾಣ ವಿಮೆ ಇಲ್ಲದೆ ಹೊರಡಬಾರದು. ಮನೆಯಿಂದ ಒಯ್ಯುವ ಚಟ್ನಿಪುಡಿ, ತಿಂಡಿಗಳನ್ನು ಅಲ್ಲಿಯ ಸುಂಕದವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿಬಿಡುವುದು ಕ್ಷೇಮ.

ವಿಮಾನ ನಿಲ್ದಾಣ ಊರಿನ ದಕ್ಷಿಣಕ್ಕೆ ಒಂದು ನಡುಗಡ್ಡೆಯ ಮೇಲಿದೆ. ಟ್ಯಾಕ್ಸಿ ಹಿಡಿಯಬೇಕಾದ ಅಗತ್ಯವಿಲ್ಲ. 2009ರಲ್ಲಿ ಆರಂಭವಾದ ಕೆನಡಾ ಲೈನ್ ಎಂಬ ರೈಲು ನಿಲ್ದಾಣದ ಬಾಗಿಲಿನಿಂದಲೇ ಹೊರಟು ಅರ್ಧ ಗಂಟೆಯೊಳಗೆ ಊರಿನ ನಡುವಿನ ವಾಟರ್‌ಫ್ರಂಟ್ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿ ಟಿಕೆಟ್ ಕೊಂಡು ಹೊರಟರೆ ಮಾಮೂಲು ದರದ ಮೇಲೆ ಐದು ಡಾಲರ್ ಅಧಿಕ ಬೀಳುತ್ತದೆ. ಆದರೂ ಟ್ಯಾಕ್ಸಿಗಿಂತ ಅಗ್ಗವೇ. ಮರಳಿ ಬರುವಾಗ ಮಾತ್ರ ಗಾಡಿಯ ಹಣೆಯ ಮೇಲಿನ ಹೆಸರನ್ನು ಓದಿ ಹತ್ತಬೇಕು: ಒಂದು ಗಾಡಿ ವಿಮಾನ ನಿಲ್ದಾಣಕ್ಕೆ, ಇನ್ನೊಂದು ರಿಚ್ಮಂಡ್ ಎಂಬ ಬೇರೆ ಊರಿಗೆ ಹೋಗುತ್ತದೆ.

ರೈಲು, ಬಸ್ಸು, ಕೊಲ್ಲಿ ದಾಟಿಸುವ ಸೀಬಸ್ ಎಂಬ ದೋಣಿ, ಮೂರಕ್ಕೂ ಕಾಂಪಸ್ ಎಂಬ ಒಂದೇ ಕಾರ್ಡು ಸಾಕು. ಒಮ್ಮೆ ತೆತ್ತ ದರ ತೊಂಬತ್ತು ನಿಮಿಷ ನಡೆಯುತ್ತದೆ. ರೈಲಿಗೆ ಒಳಹೋಗುವಾಗಲೂ ಹೊರಬರುವಾಗಲೂ ಕಾರ್ಡು ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಸಂಜೆ ಆರೂವರೆಯ ಮೇಲೂ, ಶನಿವಾರ, ಭಾನುವಾರಗಳಲ್ಲೂ ಎಷ್ಟು ದೂರ ಹೋದರೂ ಒಂದೇ ದರ. ದೂರದ ಸುತ್ತಾಟಗಳನ್ನು ಆ ವೇಳೆಗೆ ಇಟ್ಟುಕೊಂಡರೆ ಉಳಿತಾಯ.

ಅಂಗಡಿಯ ಚೀಟಿಯಲ್ಲಿ ಬರೆದ ಬೆಲೆಯೇ ಪೂರ್ತಿ ಬೆಲೆಯಲ್ಲ. ಅನೇಕ ಸಾಮಾನುಗಳಿಗೆ ಗಲ್ಲೆಯ ಬಳಿ ಶೇಕಡಾ ಐದು, ಏಳು ಎಂದು ಎರಡು ತೆರಿಗೆ ಸೇರುತ್ತವೆ. ಊಟದ ಹೋಟೆಲುಗಳಲ್ಲಿ ಬಡಿಸುವವರಿಗೆ ಶೇಕಡಾ ಹದಿನೈದಾದರೂ ಟಿಪ್ಸ್ ಕೊಡುವ ವಾಡಿಕೆ. ನೀರನ್ನು ಕೊಳ್ಳಬೇಕಾಗಿಲ್ಲ, ಬೆಟ್ಟದ ಜಲಾಶಯಗಳಿಂದ ಬರುವ ನಲ್ಲಿಯ ನೀರು ಕುಡಿಯಲು ಯೋಗ್ಯ. ಶಾಕಾಹಾರಿಗಳಿಗೆ ಕಷ್ಟವಿಲ್ಲ. ಮೇನ್ ಬೀದಿಯೂ ನಲವತ್ತೊಂಬತ್ತನೆಯ ಅವೆನ್ಯೂವೂ ಕೂಡುವ ಕಡೆ ಪಂಜಾಬಿ ಮಾರ್ಕೆಟ್ ಎಂಬ ಹಳೆಯ ಪೇಟೆಯಿದೆ. ಪಕ್ಕದ ಸರ್ರೆ ನಗರದಲ್ಲಿಯಂತೂ ಬೇಳೆ, ಹಿಟ್ಟು, ಮಸಾಲೆ ಯಾವುದಕ್ಕೂ ಕೊರತೆಯಿಲ್ಲ.

ಇನ್ನು ನೋಡತಕ್ಕ ಸ್ಥಳಗಳು. ಈ ಊರಿನ ಒಳ್ಳೆಯ ನೋಟಗಳಲ್ಲಿ ಬಹುಪಾಲು ಬಿಟ್ಟಿ. ನಡೆಯಲು ಕಾಲಿದ್ದರೆ ಸಾಕು. 1888ರಲ್ಲಿ ತೆರೆದ ಸ್ಟ್ಯಾನ್ಲಿ ಪಾರ್ಕ್ ಸುಮಾರು ನಾನೂರು ಹೆಕ್ಟೇರಿನ ಕಾಡು. ಅದರ ಸುತ್ತ ಕಡಲ ಗೋಡೆಯ ಮೇಲೆ ಒಂಬತ್ತು ಕಿಲೋಮೀಟರಿನಷ್ಟು ಕಾಲುದಾರಿಯಿದೆ. ಸೈಕಲ್ಲಿನ ದಾರಿ ಬೇರೆ ಇರುವುದರಿಂದ ವೃದ್ಧರೂ ನಿಶ್ಚಿಂತೆಯಿಂದ ನಡೆಯಬಹುದು. ಬ್ರಾಕ್ಟನ್ ಪಾಯಿಂಟಿನಲ್ಲಿ ಮೂಲನಿವಾಸಿಗಳ ಟೋಟೆಮ್ ಕಂಬಗಳನ್ನು ನೋಡತಕ್ಕದ್ದು. ಸಮೀಪದಲ್ಲಿಯೇ ಇರುವ ಹಳೆಯ ಫಿರಂಗಿ ಇಂದಿಗೂ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಹಾರುತ್ತದೆ. ಮೊದಲೇ ತಿಳಿಯದವರು ಬೆಚ್ಚಿ ಬೀಳುತ್ತಾರೆ.

ವಾಟರ್‌ಫ್ರಂಟಿನಿಂದ ಸೀಬಸ್ ಹತ್ತಿದರೆ ಹನ್ನೆರಡೇ ನಿಮಿಷದಲ್ಲಿ ಉತ್ತರದ ದಡ. ಅಲ್ಲಿಯ ಕ್ಯಾಪಿಲಾನೊ ತೂಗುಸೇತುವೆಗೆ ಹೆಸರು ಹೆಚ್ಚು, ಟಿಕೆಟಿನ ದರವೂ ಹೆಚ್ಚು. ಅದೇ ದಡದ ಲಿನ್ ಕಣಿವೆಯಲ್ಲಿ 1912ರಿಂದ ಇರುವ ಇನ್ನೊಂದು ತೂಗುಸೇತುವೆಗೆ ಟಿಕೆಟೇ ಇಲ್ಲ. ಅದು ಚಿಕ್ಕದು, ನಿಜ. ಆದರೆ ಕೆಳಗೆ ಹೊಳೆ, ಸುತ್ತ ದೇವದಾರು ಜಾತಿಯ ದಟ್ಟ ಮರಗಳು, ಕಾಲಡಿ ತೂಗಾಟ, ಎಲ್ಲವೂ ಉಂಟು. ಒಂದು ಸಂಸಾರ ಹೋದರೆ ಉಳಿಯುವ ಹಣ ಸ್ವಲ್ಪವಲ್ಲ. ಹಣ್ಣು, ರೊಟ್ಟಿ, ಮೀನುಗಳ ಸಂತೆ ನೋಡಬೇಕೆನ್ನುವವರು ಗ್ರಾನ್‌ವಿಲ್ ಐಲೆಂಡಿಗೆ ಹೋಗಬಹುದು. ಕಾರ್ಖಾನೆಗಳಿದ್ದ ಸ್ಥಳದಲ್ಲಿ 1979ರಲ್ಲಿ ಈ ಮಾರುಕಟ್ಟೆ ತೆರೆಯಿತು.

ಕೊನೆಗೆ ಎರಡು ಸ್ಥಳಗಳನ್ನು ಒಂದೇ ದಿನ ನೋಡಬೇಕೆಂದು ಓದುಗರಲ್ಲಿ ನನ್ನ ವಿಶೇಷ ಬಿನ್ನಹ. ಒಂದು, ಯೇಲ್‌ಟೌನ್ ಭಾಗದ ರೌಂಡ್‌ಹೌಸ್ ಎಂಬ ಕಟ್ಟಡದಲ್ಲಿ ನಿಲ್ಲಿಸಿರುವ 374ನೆಯ ನಂಬರಿನ ಉಗಿಬಂಡಿ. ದೇಶದ ಉದ್ದಕ್ಕೂ ಹಾಕಿದ ಹೊಸ ಹಳಿಯ ಮೇಲೆ ಮೊದಲ ಪ್ರಯಾಣಿಕರ ಗಾಡಿಯನ್ನು ಅದು ಈ ಊರಿಗೆ ಎಳೆದು ತಂದದ್ದು 1887ರ ಮೇ 23ರಂದು. ಬಂದವರನ್ನು ಊರೇ ಸೇರಿ ಸ್ವಾಗತಿಸಿತು. ಆ ಹಳಿಗಾಗಿ ಬೆಟ್ಟಗಳಲ್ಲಿ ಸಾವಿರಾರು ಚೀನೀ ಕೂಲಿಗಳು ದುಡಿದಿದ್ದರು; ಕೆಲಸ ಮುಗಿದ 1885ರಲ್ಲಿಯೇ ಒಳಬರುವ ಚೀನೀಯರ ಮೇಲೆ ಸರ್ಕಾರ ತಲೆಗಂದಾಯ ಗೊತ್ತುಮಾಡಿತ್ತು. ಮುಂದೆ ಬರುವ ಚೀನೀಯರಲ್ಲಿ ಹೆಚ್ಚಿನವರು ಐವತ್ತು ಡಾಲರ್ ತೆತ್ತೇ ಒಳಬರಬೇಕಾಯಿತು.

ಇನ್ನೊಂದು, ಕೋಲ್ ಹಾರ್ಬರಿನ ದಂಡೆಯ ಮೇಲಿರುವ ಕೋಮಗಾತ ಮಾರು ಸ್ಮಾರಕ. ಅದೇ ಮೇ 23ರಂದು, ಆದರೆ 1914ರಲ್ಲಿ, ಕೋಮಗಾತ ಮಾರು ಎಂಬ ಜಪಾನಿ ಹಡಗು 376 ಭಾರತೀಯರನ್ನು ಹೊತ್ತು ಈ ರೇವಿಗೆ ಬಂತು. ಗುರುದಿತ್ ಸಿಂಗರು ಬಾಡಿಗೆಗೆ ಹಿಡಿದ ಹಡಗು ಅದು. ಅದರಲ್ಲಿದ್ದವರು ಹೆಚ್ಚಾಗಿ ಪಂಜಾಬಿನ ಸಿಖ್ಖರು, ಕೆಲವರು ಮುಸಲ್ಮಾನರು, ಹಿಂದೂಗಳು. ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ತಡೆಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂದು 1908ರ ಕಾನೂನು. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ. ಎಂದರೆ, ಭಾರತೀಯರು ಬೇಡ ಎಂಬ ಮಾತನ್ನು ಬಾಯಿಬಿಟ್ಟು ಹೇಳದೆಯೇ ಬಾಗಿಲು ಮುಚ್ಚಿದ್ದರು. ಎರಡು ತಿಂಗಳು ಹಡಗು ದಡ ಕಾಣುವಷ್ಟು ದೂರದಲ್ಲಿಯೇ ನಿಂತಿತು. ಅನ್ನನೀರಿಗೆ ತತ್ವಾರವಾಯಿತು. ದಡದಲ್ಲಿದ್ದ ನಮ್ಮವರು ದುಡಿದ ಹಣ ಕೂಡಿಸಿ ಹಡಗಿನ ಬಾಡಿಗೆಯ ಕಂತು ಕಟ್ಟಿದರು, ನ್ಯಾಯಾಲಯಕ್ಕೆ ಹೋದರು. ಮೊದಲೇ ಅಲ್ಲಿ ನೆಲಸಿದ್ದ ಕೆಲವರ ಹೊರತು ಉಳಿದವರಿಗೆ ಇಳಿಯಲು ಅಪ್ಪಣೆ ಸಿಗಲಿಲ್ಲ. ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಡಗನ್ನು ಹಿಂದಕ್ಕಟ್ಟಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿ ಬಜ್ ಬಜ್‌ನಲ್ಲಿ ಇಳಿದವರಲ್ಲಿ ಅನೇಕರು ಬ್ರಿಟಿಷರ ಗುಂಡಿಗೆ ಬಲಿಯಾದರು.

ಅಲ್ಲಿ ನೆಲಸಿದ ಭಾರತೀಯರಿಗೆ ಮತದ ಹಕ್ಕು ಸಿಕ್ಕಿದ್ದು 1947ರಲ್ಲಿ. ಸ್ಮಾರಕ ಎದ್ದದ್ದು 2012ರಲ್ಲಿ. ಕೆನಡಾದ ಪ್ರಧಾನಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಸ್ಮಾರಕವಿರುವುದು ವಾಟರ್‌ಫ್ರಂಟ್ ನಿಲ್ದಾಣದಿಂದ ಸ್ಟ್ಯಾನ್ಲಿ ಪಾರ್ಕಿಗೆ ನೀರಿನಂಚಿನಲ್ಲೇ ನಡೆದು ಹೋಗುವ ದಾರಿಯಲ್ಲಿ. ಅದಕ್ಕಾಗಿ ಬೇರೆ ಬಸ್ಸೂ ಬೇಡ, ಕಾಸೂ ಬೇಡ. ಹಡಗಿನ ಪ್ರಯಾಣಿಕರ ಹೆಸರುಗಳನ್ನು ಅಲ್ಲಿ ಬರೆದಿದ್ದಾರೆ. ಎದುರಿಗೆ ಅದೇ ನೀರು, ಆಚೆ ಅವರು ಎರಡು ತಿಂಗಳು ನೋಡುತ್ತ ಕುಳಿತ ಅದೇ ಬೆಟ್ಟಗಳು. ನಮ್ಮ ಪಾಸ್‌ಪೋರ್ಟಿಗೆ ಅಧಿಕಾರಿ ಎರಡು ನಿಮಿಷದಲ್ಲಿ ಒತ್ತುವ ಮುದ್ರೆಗಾಗಿ ಅವರು ಅಲ್ಲಿ ಕಾದಿದ್ದರು. ಹೋದವರು ಹತ್ತು ನಿಮಿಷವಾದರೂ ಅಲ್ಲಿ ನಿಂತು, ಆ ಹೆಸರುಗಳನ್ನು ಓದಿ ಮುಂದಕ್ಕೆ ನಡೆಯಬೇಕು. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಂದಲೂ ಓದಿಸಬೇಕು.